ಮಾತಿಲ್ಲದ ನಾಟಕದಲ್ಲಿ ನಾನು ಮಾತಾಡಿದ್ದು

ಮೊದಲು ಸಂತೋಷದ ಸುದ್ದಿ. ನನ್ನ ಮೊಮ್ಮಗಳು ಸಿಂಚನ ಭಾನುವಾರ ಗಳಗಳ ಅತ್ತಳು!

ನಗಬೇಡಿ. ಅವಳ ಅಮ್ಮ, ಅಂದರೆ ನನ್ನ ಮಗಳು ಮಂಜುಳಾ, ಕಾಮಾಲೆಯಾಗಿ ತೀರಿಕೊಂಡು ವರ್ಷವಾಯಿತು. ಅಂದಿನಿಂದ ಈ ಹುಡುಗಿ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಮ್ಮನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದಳು. ಹದಿನಾರರ ಮಗುವಿಗೆ ಒಳಗೊಳಗೇ ಏನಾಗುತ್ತಿದೆಯೋ ಎಂದು ನನಗೆ ದಿಗಿಲು.

ಹಾಗಿರುವಾಗ ಜಿಗಣಿಯ ಒಂದು ನಾಟಕದ ತಂಡ ಸೇರಿ, ಅಮ್ಮನ ಮೇಲೆಯೇ ನಾಟಕ ಕಟ್ಟಿದಳು. ನಾವು ಅಜ್ಜ ಅಜ್ಜಿ ನೋಡಲು ಹೊರಟೆವು. ನನ್ನಿಂದ ಯಾವ ತೊಂದರೆಯೂ ಆಗುವುದಿಲ್ಲ ಎಂದು ಮನೆಯಲ್ಲೇ ಘೋಷಿಸಿದ್ದೆ.

ದೀಪ ಆರಿತು. ಸಿಂಚನ ಬಂದು ಸ್ಟೂಲಿನ ಮೇಲೆ ಕೂತಳು. ಎಷ್ಟು ಹೊತ್ತಾದರೂ ಮಾತಿಲ್ಲ.

"ರೀ, ಮೈಕ್ ಕೆಟ್ಟೋಗದೆ," ಎಂದೆ ಯಜಮಾನರಿಗೆ. ಮೆಲ್ಲಗೇ ಹೇಳಿದ್ದೆ. ಮುಂದಿನ ನಾಲ್ಕು ಸಾಲಿನವರು ತಿರುಗಿ ನೋಡಿದರು.

"ಮೈಯಲ್ಲೇ ಎಲ್ಲಾ ತೋರ್ಸೋ ನಾಟ್ಕ ಕಣೇ ಇದು. ಬಾಯ್ಮುಚ್ಕೊಂಡ್ ಕೂತ್ಕೋ."

ಕೂತೆ. ಸಿಂಚನ ಗಾಳಿಯಲ್ಲೇ ಬಟ್ಟೆ ಹಿಡಿದು ಹೊಲಿಯತೊಡಗಿದಳು. ಅವಳ ಅಮ್ಮ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿದ್ದಳು. ಅದಕ್ಕೂ ಮೊದಲು ಅಲ್ಲಿ ಇಪ್ಪತ್ತೆರಡು ವರ್ಷ ದುಡಿದವಳು ನಾನು. ಮಗಳಿಗೆ ಮಿಷನ್ ಕಲಿಸಿದ್ದೂ ನಾನೇ. ಈ ಹುಡುಗಿ ನೋಡಿದರೆ, ಎರಡೂ ಪಾದ ಆಡಿಸುತ್ತಾ ಮನೆಯ ಹಳೇ ಮಿಷನ್ ತುಳಿಯುತ್ತಿದ್ದಾಳೆ. ಗಾರ್ಮೆಂಟ್ಸಿನದು ಕರೆಂಟಿನ ಮಿಷನ್. ಬಟ್ಟೆ ತಿರುಗಿಸುವಾಗ, ಅದರ ಹಿಡಿತ ಸಡಿಲವಾಗಲು, ಬಲಮಂಡಿಯಿಂದ ಮೇಜಿನಡಿಯ ಪಟ್ಟಿ ತಳ್ಳಬೇಕು.

ತಡೆದುಕೊಂಡೆ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಸೆರಗಿಗೂ ಒಂದು ಮಿತಿಯಿದೆ.

"ಮಗಾ, ಮಂಡಿ. ಮಂಡೀಲಿ ತಳ್ಳು."

ಸಿಂಚನಳ ಕೈ ನಿಂತುಹೋಯಿತು. ಅಷ್ಟಕ್ಕೇ ಸುಮ್ಮನಾಗುವ ಜನ್ಮವಲ್ಲ ನನ್ನದು. ಯಜಮಾನರು ಸೀರೆ ಹಿಡಿದೆಳೆದರೂ ಬಿಡಿಸಿಕೊಂಡು, ವೇದಿಕೆ ಹತ್ತಿ, ಅವಳ ಬಲಮಂಡಿ ಹಿಡಿದು ತಿರುಗಿಸಿದೆ.

"ಇಂಗೆ. ನಿಮ್ಮಮ್ಮ ಇಂಗೆ ತಳ್ತಿದ್ಲು."

ಆಮೇಲೆ ಬುದ್ಧಿ ಬಂತು. ಬೆಳಕೆಲ್ಲ ನನ್ನ ಮೇಲೆ. ಮಗು ಅಮ್ಮನ ಹತ್ತಿರ ಹೋಗಲು ಕೊನೆಗೂ ಒಂದು ದಾರಿ ಹುಡುಕಿಕೊಂಡಿತ್ತು, ಅದಕ್ಕೆ ಅಡ್ಡಲಾಗಿ ಎಮ್ಮೆಯಂತೆ ನಾನು ನಿಂತಿದ್ದೆ. ಸಿಂಚನ ನನ್ನನ್ನೇ ನೋಡುತ್ತಿದ್ದಳು.

"ಅಜ್ಜಿ," ಎಂದಳು ಪಿಸುದನಿಯಲ್ಲಿ, "ಅಮ್ಮ ತಲೆ ಹೆಂಗೆ ಇಟ್ಕೊಳ್ತಿದ್ಲು?"

ಎಡಕ್ಕೆ ವಾಲಿಸಿ ತೋರಿಸಿದೆ. ಅವಳೂ ವಾಲಿಸಿದಳು. ಹಾಗೇ ವಾಲುತ್ತಾ ಬಂದು ನನ್ನ ಹೊಟ್ಟೆಗೆ ಮುಖ ಒತ್ತಿ, "ಅಮ್ಮಾ" ಎಂದು ಅತ್ತಳು ನೋಡಿ, ಒಂದು ವರ್ಷದ್ದನ್ನೆಲ್ಲ ಒಟ್ಟಿಗೇ ಅತ್ತಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲವೂ ನಾಟಕದ್ದೇ ಅಂದುಕೊಂಡಿರಬೇಕು.

ಸಂಜೆ, ಶಿಫ್ಟ್ ಮುಗಿಸಿ ಬಂದ ಸಿಂಚನಳ ಅಪ್ಪ, ನಮ್ಮ ಅಳಿಯಂದಿರೂ ಸೇರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಸಿಂಚನ ತಾನಾಗಿಯೇ ಅಮ್ಮನ ಸುದ್ದಿ ತೆಗೆದಳು. ನಡುನಡುವೆ ಅತ್ತೆವು, ನಡುನಡುವೆ ಸಾರು ಬಡಿಸಿಕೊಂಡೆವು.

"ನಾಟ್ಕ ಹೆಂಗಾಯ್ತು ಮಗಾ?" ಎಂದರು ಅಳಿಯಂದಿರು.

ಅವಳು ಬಾಯಿ ಬಿಡಲಿಲ್ಲ. ಎದ್ದು, ಲಂಗ ಎತ್ತಿ ಸಿಕ್ಕಿಸಿ, ಸೊಂಟ ಹಿಡಿದು, ಹಿಂಭಾಗ ಅತ್ತಿತ್ತ ಆಡಿಸುತ್ತಾ ಇಲ್ಲದ ಮೆಟ್ಟಿಲು ಹತ್ತಿದಳು.

ಅಳಿಯಂದಿರು ತುತ್ತು ಕೆಳಗಿಟ್ಟರು. "ಅತ್ತೆ, ನೀವ್ ಸ್ಟೇಜ್ ಹತ್ತಿದ್ರಾ?"

ನಾನು ತಲೆಯೆತ್ತದೆ ಅನ್ನ ಕಲಸಿಕೊಂಡೆ.