ಗುಂಡು ತೂರದ ಕಾರಿನಲ್ಲಿ ಮಾವನವರೊಂದಿಗೆ

ಮಾವನವರನ್ನು ಒಲಿಸಿಕೊಳ್ಳುವುದು ನನಗೆ ಮಹಾ ಸುಲಭ ಎಂದು ಪ್ರಾಮಾಣಿಕವಾಗಿ ನಂಬಿದ್ದೆ. ಅಪ್ಪನ ಮಾತು ಮೀರಿ ಸವಿತಾ ನನ್ನನ್ನು ಮದುವೆಯಾಗಿದ್ದಳು. ಅವರು ಮದುವೆಗೂ ಬಂದಿರಲಿಲ್ಲ. ಈಗ ಬಾಗಲಕೋಟೆಯಿಂದ ಒಮಾನಿನ ದಾರ್ಸೈಟ್‌ನಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದಿದ್ದರೂ ನನ್ನೊಡನೆ ನೇರ ಮಾತಿಲ್ಲ.

"ಸವಿತಾ, ನಿನ್ನ ಗಂಡಗ ಟಿವಿ ಸೌಂಡ್ ಕಡಿಮಿ ಮಾಡಂತ ಹೇಳವಾ."

ನಾನು ಪಕ್ಕದಲ್ಲೇ ಕುಳಿತಿರುತ್ತಿದ್ದೆ!

ಮಾವನವರು ನಿವೃತ್ತ ಇತಿಹಾಸ ಮಾಸ್ತರರು. ಬರ್ಕಾ ಪಟ್ಟಣದ ಬಳಿ ಹಳೇ ಕಾರುಗಳ ಖಾಸಗಿ ಮ್ಯೂಸಿಯಂ ಇದೆ, ಅಲ್ಲಿ ಮಹಾಯುದ್ಧ ಕಾಲದ ನಾಯಕನೊಬ್ಬನ ಗುಂಡು ನಿರೋಧಕ ಕಾರಿದೆ ಎಂದು ಕೇಳಿದ್ದೇ ತಡ, ಶುಕ್ರವಾರ ಎಲ್ಲರನ್ನೂ ಹೊರಡಿಸಿದೆ.

ಆನೆಮರಿಯಂಥ ಕಪ್ಪು ಕಾರು. ಮಾವನವರ ಕಣ್ಣು ಅರಳಿತು. ಮಾಲೀಕರಾದ ಒಮಾನಿ ಹಿರಿಯರಿಗೂ ಅದು ಕಂಡಿತು. "ಬೈಠೋ, ಬೈಠೋ! ಲೇಕಿನ್ ದರ್ವಾಜಾ ಬಂದ್ ಮತ್ ಕರೋ" ಎಂದು ಹಿಂದಿಯಲ್ಲಿ ಹೇಳಿ, ಬಾಗಿಲು ಹಾಕಬೇಡಿ ಎಂದು ಕೈಸನ್ನೆಯನ್ನೂ ಮಾಡಿ, ನಮಗಾಗಿ ಕಾಫಿ ತರಲು ಹೋದರು.

ನಾವಿಬ್ಬರೂ ಹಿಂದಿನ ಸೀಟಿನಲ್ಲಿ ವಿರಾಜಮಾನರಾದೆವು.

"ಬಾಗಲಾ ಹಾಕಿದರನ ಇದರ ಗತ್ತು ತಿಳಿಯೋದ್ರಿ, ಮಾವಾರ!" ಎಂದು ನಾನು ಬಾಗಿಲೆಳೆದೆ.

ಧಡ್! ಒಳಗಿನ ಹಿಡಿ ಕಿತ್ತು ನನ್ನ ಕೈಗೇ ಬಂತು. ಆಚೆ ಬದಿಯ ಬಾಗಿಲಿಗಂತೂ ಹಿಡಿಯೇ ಇರಲಿಲ್ಲ.

ಹೆದರಲಿಲ್ಲ. ನಾನು ಎಂಜಿನಿಯರ್ ತಾನೆ? ಡ್ರೈವರ್ ಸೀಟಿಗೂ ನಮಗೂ ನಡುವೆ ಇದ್ದ ಅಡ್ಡಗಾಜು ಇಳಿಸಿ ಮುಂದಕ್ಕೆ ತೂರಿಕೊಳ್ಳೋಣವೆಂದು ಅಲ್ಲಿದ್ದ ಹ್ಯಾಂಡಲ್ ತಿರುಗಿಸಿದೆ. ಅರ್ಧ ತೆರೆದಿದ್ದ ಗಾಜು ಪೂರ್ತಿ ಮೇಲೇರಿ ಗಟ್ಟಿಯಾಗಿ ಕೂತಿತು!

ಹೊರಗೆ ನಿಂತಿದ್ದ ಸವಿತಾಳಿಗೆ ಎರಡೂ ಕೈ ಬೀಸಿ ಕಿರುಚಿದೆ. ದಪ್ಪ ಗಾಜು, ಒಂದಕ್ಷರವೂ ಆಚೆ ಹೋಗಲಿಲ್ಲ. ಅವಳು ನಗುತ್ತಾ ಫೋಟೊ ತೆಗೆದಳು. ಗಾಜು ಗುದ್ದಿದೆ. ಇನ್ನಷ್ಟು ಹತ್ತಿರ ಕೂರಲು ಸನ್ನೆ ಮಾಡಿ ಮತ್ತೊಂದು ತೆಗೆದಳು!

ಬೆವರೊರೆಸುತ್ತಾ ಮಾವನವರು ಗಾಜಿನತ್ತ ತಿರುಗಿದರು. "ಸವಿತಾ, ನಿನ್ನ ಗಂಡಗ ಸುಮ್ನ ಕುಂದ್ರಂತ ಹೇಳವಾ."

ಸವಿತಾಳಿಗೆ ಕೇಳಿಸಲಿಲ್ಲ.

ಬೇರೆ ದಾರಿ ಕಾಣದೆ ಮಾವನವರು ನಿಧಾನವಾಗಿ ನನ್ನತ್ತ ತಿರುಗಿದರು.

"ಅಳಿಯಾರ, ಇನ್ನ ಏನೂ ಮುಟ್ಟಬ್ಯಾಡ್ರಿ!"

ಅಳಿಯಾರ! ನನ್ನ ಮುಖ ನೋಡಿ ಅವರಿಗೆ ನಗು ಬಂತು. ನನಗೂ ಬಂತು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವರು ಮೆಲ್ಲಗೆ, "ಮದುವಿಗೆ ನಾ ಬರಬೇಕಿತ್ರೀ" ಎಂದರು.

ಅಷ್ಟರಲ್ಲಿ ಕಾಫಿ, ಖರ್ಜೂರದೊಂದಿಗೆ ಬಂದ ಮಾಲೀಕರು ಹೊರಗಿನಿಂದ ಬಾಗಿಲು ತೆರೆದರು. ಮುರಿದ ಹಿಡಿಯನ್ನು ಅವರ ಕೈಗಿತ್ತು ಕ್ಷಮೆ ಕೇಳಿದೆ. ಅವರು ನಕ್ಕು ನನ್ನ ಕೈಗೆ ಖರ್ಜೂರವಿಟ್ಟರು.

ವಾಪಸಾಗುವಾಗ ಸವಿತಾ ಕಾರು ಓಡಿಸಿದಳು. ಹಿಂದೆ ನನ್ನ ಪಕ್ಕ ಕುಳಿತ ಮಾವನವರು ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಇದ್ದರು. ನನ್ನ ಕಣ್ಣು ತುಂಬಿತು.

ಮನೆ ಮುಂದೆ ಇಳಿದ ಮೇಲೆ ಅವರು ಮಗಳಿಗೆ ಹೇಳಿದ್ದು ಕಿವಿಗೆ ಬಿತ್ತು: "ಹುಡುಗ ಭಾಳ ಛಲೋ ಅದಾನವಾ. ಆದರ ಬಾಗಲದ ಹಿಡಿಕಿಗೆ ಕೈ ಹಾಕ್ತಾನಂತ ಗಟ್ಟಿ ಹಿಡಕೊಂಡಿದ್ದೆ!"