ಗಂಟೆ ಬಾರಿಸಿದ ಹುಡುಕಾಟ

ಶುಭಕಾರ್ಯಕ್ಕಾಗದ ಆಟಿ ತಿಂಗಳು ಮುಗಿದು ಸೋಣ ತಿಂಗಳು ಕಾಲಿಟ್ಟಿತ್ತು. ಆಟಿಯುದ್ದಕ್ಕೂ ಮದುವೆಯ ಮಾತೆತ್ತದೆ ಕೂತಿದ್ದ ಮುಂಬಯಿಯ ತುಳುವರೆಲ್ಲ ಹಗ್ಗ ಬಿಚ್ಚಿದ ಕರುಗಳಂತೆ ಒಮ್ಮೆಲೇ ವಧೂವರರ ವೆಬ್‌ಸೈಟಿಗೆ ನುಗ್ಗಿದ್ದರು. ವಿಲೆ ಪಾರ್ಲೆಯ ಅದರ ಸಣ್ಣ ಆಫೀಸಿನಲ್ಲಿ ಬೆಳಿಗ್ಗೆಯಿಂದ ಎಲ್ಲ ಫೋನಿನಲ್ಲೂ ಒಂದೇ ದೂರು: ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇದೆ, ಹುಡುಗಿ ಮಾತ್ರ ಬರುವುದಿಲ್ಲ.

ಮಾಲೀಕ ದೂಜ ಪೂಜಾರಿಯವರು ಮೂವತ್ತು ವರ್ಷ ಹೋಟೆಲು ನಡೆಸಿದವರು. ವೆಬ್‌ಸೈಟಿನ ಸರ್ವರ್ ನೋಡಿಕೊಳ್ಳುವ ಅಕ್ಷಯನ ಮೇಜಿನ ಬಳಿಗೆ ಬಂದು ನಿಂತರು.

"ಒಂದು ದೋಸೆಗೆ ಕಾಲು ಗಂಟೆ ಹಿಡಿದ್ರೆ ಗಿರಾಕಿ ಎದ್ದು ಹೋಗ್ತಾನೆ ಮಾರಾಯ. ಒಳಗೆ ಎಂತ ಆಗ್ತಾ ಉಂಟು?"

"ಈಗಿರೋ ಮೀಟರು, ಮೆಷಿನ್ ಸುಸ್ತಾಗಿದೆ ಅಂತ ಮಾತ್ರ ಹೇಳ್ತದೆ ದೂಜಣ್ಣ. ಯಾರ ಹುಡುಕಾಟ ಎಷ್ಟು ಹೊತ್ತು ತಿನ್ನುತ್ತೆ ಅಂತ ಗೊತ್ತಾಗ್ಬೇಕಾದ್ರೆ ನಾನೇ ಬೇರೆ ಮೀಟರ್ ಮಾಡ್ಬೇಕು."

"ಮಾಡು. ಸಂಜೆಯೊಳಗೆ ಕಳ್ಳನನ್ನು ಹಿಡಿದ್ರೆ ಮುಂದಿನ ವಾರ ನಾಲ್ಕು ದಿನ ರಜೆ. ನನ್ನ ಮಾತು."

ಆ ರಜೆಗಾಗಿ ಅಕ್ಷಯ ಗಾಣ ಎಳೆಯಲೂ ಸಿದ್ಧನಿದ್ದ. ಗೆಳೆಯರೊಂದಿಗೆ ಆಗಲೇ ಸೀಟು ಕಾದಿರಿಸಿದ್ದ ಗೋವಾ, ಹೆಣ್ಣು ನೋಡುವ ಮಾತೇ ಕಿವಿಗೆ ಬೀಳದ ನಾಲ್ಕು ದಿನ!

ಊಟದ ಹೊತ್ತಿಗೆ ಮೀಟರು ಸಿದ್ಧವಾಯಿತು. ಒಂದೊಂದು ಹುಡುಕಾಟಕ್ಕೂ ಒಂದು ನಂಬರು, ಅದರೆದುರು ಅದು ಮೆಷಿನ್ನಿನ ಎಷ್ಟು ಸೆಕೆಂಡು ತಿಂದಿತೆಂಬ ಲೆಕ್ಕ. ಫೋನು ಎತ್ತುವ ನಮಿತಕ್ಕ ಹಿಂದಿನಿಂದ ಇಣುಕಿದಳು.

"ಬರೀ ನಂಬರಾ? ಹೆಸರು ಹಾಕು ಮಾರಾಯ."

"ಬೇಡ ಅಕ್ಕ, ಜನರ ಮನೆಯೊಳಗಿನ ವಿಷಯ."

"ಮದುವೆ ವಿಷಯ ಯಾವಾಗ ಮನೆಯೊಳಗೆ ಕೂತದ್ದು?"

ದೂಜಣ್ಣನಿಗೆ ಆ ಮಾತು ಹಿಡಿಸಿತು. ಹೆಸರು ಬಂತು. ಸೇಲ್ಸಿನ ರೋಶನ್ ಅದನ್ನು ಗೋಡೆಯ ಟಿವಿಗೆ ಏರಿಸಿದ. ಹತ್ತು ಸೆಕೆಂಡು ದಾಟಿದರೆ ಹೋಟೆಲಿನಂತೆ ಗಂಟೆ ಬಾರಿಸಬೇಕೆಂದು ದೂಜಣ್ಣ ಅಪ್ಪಣೆ ಕೊಟ್ಟರು. ಅದೂ ಆಯಿತು.

ಆಮೇಲೆ ಫೋನು ಎತ್ತುವವರೇ ಇಲ್ಲ. ಕೋಳಿ ಅಂಕದ ಪಂದ್ಯ ನೋಡಲು ಕೂತವರಂತೆ ಎಲ್ಲರೂ ಚಹಾ ಹಿಡಿದು ಟಿವಿಯ ಕೆಳಗೆ ಕೂತರು.

"ಕಳ್ಳ ಆ ಥಾಣೆ ಡಾಕ್ಟರೇ, ನೋಡ್ತಾ ಇರಿ" ಎಂದ ರೋಶನ್.

"ಛೆ, ಅವನಿಗೆ ಒಂದೂ ಹಿಡಿಸುದಿಲ್ಲ, ಬೇಗ ಮುಗಿಸ್ತಾನೆ" ಎಂದಳು ನಮಿತಕ್ಕ.

ಗಂಟೆ ಢಣ್ಣೆಂದಿತು. ಟಿವಿಯಲ್ಲಿ ಕೆಂಪಕ್ಷರ ಮೂಡಿತು: *ಸೇವಂತಿ, ಭಾಂಡುಪ್. ಹುಡುಕುತ್ತಿರುವುದು ಮಗ ಅಕ್ಷಯನಿಗಾಗಿ. ಊರು: ಎಲ್ಲ. ಓದು: ಎಲ್ಲ. ಎತ್ತರ: ಎಲ್ಲ. ಪ್ರತಿಯೊಬ್ಬಳ ಜಾತಕವನ್ನೂ ಹೊಂದಿಸಿ ನೋಡಿ.*

ಅದು ಮುಗಿಯುವ ಮೊದಲೇ ಮತ್ತೊಮ್ಮೆ ಢಣ್. ಮತ್ತೆ ಸೇವಂತಿ.

ಅಕ್ಷಯನ ಮುಖ ಬೇಯಿಸಿದ ಬದನೆಯಾಯಿತು. ಉಳಿದವರಿಗೆ ದಿನಕ್ಕಿಷ್ಟೇ ಹುಡುಕಾಟವೆಂಬ ಮಿತಿಯಿತ್ತು. ಭಾನುವಾರವಾದರೂ ತನ್ನನ್ನು ನಿದ್ದೆ ಮಾಡಲು ಬಿಡಲಿ ಎಂದು ಅಮ್ಮನಿಗೆ ಆ ಮಿತಿಯನ್ನು ತೆಗೆದುಹಾಕಿದ್ದವನು ಅವನೇ. ಎಲ್ಲಿ ಟಿಕ್ ಹಾಕದಿದ್ದರೆ ಒಳ್ಳೆಯ ಹುಡುಗಿ ತಪ್ಪಿಹೋಗುವಳೋ ಎಂದು ಅಮ್ಮ ಯಾವ ಚೌಕವನ್ನೂ ಟಿಕ್ ಹಾಕದೆ ಬಿಟ್ಟಿರಲಿಲ್ಲ.

"ಈಗಲೇ ಮಿತಿ ಹಾಕ್ತೇನೆ" ಎಂದು ಅವನು ಕೀಬೋರ್ಡಿಗೆ ಕೈಹಾಕಿದ.

"ಕೇಳದೆ ಹಾಕಬೇಡ! ಭಾನುವಾರ ತುಳುವರ ಸಂಘದ ಮೀಟಿಂಗಲ್ಲಿ ನಿನ್ನಮ್ಮ ನನ್ನ ಮಾನ ಕಳೀತಾರೆ. ಫೋನು ಮಾಡು, ಸ್ಪೀಕರಿನಲ್ಲಿ" ಎಂದರು ದೂಜಣ್ಣ.

"ಅಮ್ಮಾ, ಹುಡುಕೋದು ನಿಲ್ಲಿಸ್ತೀಯಾ? ಇಲ್ಲಿ ಎಲ್ಲರದ್ದೂ ನಿಂತುಹೋಗಿದೆ."

"ನಿಲ್ಲಿಸ್ತೇನೆ ಮಗಾ. ನೋಡಿದ್ರಲ್ಲಿ ನಾಲ್ಕು ಹುಡುಗಿ ಮನೆ ಆರಿಸಿದ್ದೇನೆ, ಮೊದಲ್ನೇದು ವಡಾಲದಲ್ಲಿ. ನೋಡ್ಲಿಕ್ಕೆ ಬರ್ತೀಯಾ ಹೇಳು, ಈಗ್ಲೇ ಮುಚ್ಚಿಡ್ತೇನೆ."

ಅಕ್ಷಯ ತನ್ನ ಹಳೆಯ ಅಸ್ತ್ರ ಎತ್ತಿದ. "ಬರ್ತಿದ್ದೆ ಅಮ್ಮ. ಆದ್ರೆ ರಜೆ ಎಲ್ಲಿ ಉಂಟು?"

ದೂಜಣ್ಣ ಫೋನಿಗೆ ಬಗ್ಗಿದರು. "ಉಂಟು ಸೇವಂತಕ್ಕ! ನಾಲ್ಕು ದಿನ. ಮಾತು ಕೊಟ್ಟಿದ್ದೆ, ಈಗ ರಜೆ ಕೊಟ್ಟೆ."

"ದಿನಕ್ಕೊಂದು ಮನೆ, ಸರಿಯಾಯ್ತು" ಎಂದರು ಅಮ್ಮ.

ಗಂಟೆ ನಿಂತಿತು. ಗೋಡೆಯ ಮೇಲೆ ಹುಡುಕಾಟಗಳು ಕಟ್ಟೆಯೊಡೆದ ನೀರಿನಂತೆ ಹರಿದವು. ಸಾಲ ತೀರಿಸಿದ ಸಮಾಧಾನದಲ್ಲಿ ದೂಜಣ್ಣ ಎಲ್ಲರಿಗೂ ಇನ್ನೊಂದು ಚಹಾ ಹೇಳಿದರು.

ರೋಶನ್ ಮೆಲ್ಲನೆ ಕುರ್ಚಿ ಸರಿಸಿಕೊಂಡು ಅಕ್ಷಯನ ಬಳಿ ಬಂದ.

"ಬ್ರೋ, ನಿನ್ನ ಗೋವಾದ ಸೀಟು ಕಿಟಕಿ ಬದೀದಾ?"