ನೆಲೋಗಿಯ ಅಕ್ಕನನ್ನು ನಾನು ಭಾರತೀಯಳನ್ನಾಗಿ ಮಾಡಿದ್ದು

ನೀವು ನಂಬುವುದಿಲ್ಲ. ಪಂದ್ಯ ಕಟ್ಟಿ ಹೇಳುತ್ತೇನೆ, ನಂಬುವುದಿಲ್ಲ. ಜೇವರ್ಗಿ ತಹಸೀಲ್ ಆಫೀಸಿನ ಎದುರು ನನ್ನ ಆನ್‌ಲೈನ್ ಸೆಂಟರ್ ಇದೆ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮೂರು ಕುರ್ಚಿ, ಮತ್ತು ನಾನು. ನರೋಣಾದ ಕನ್ನಡ ಸಾಲಿಯಲ್ಲಿ ಕಲಿತವನು ಇಲ್ಲಿಗೆ ಬಂದು ಅಂಗಡಿ ಹಾಕಿದ್ದೇನೆ ಅಂದರೆ ಸುಮ್ಮನೆ ಅಲ್ಲ. ಪಹಣಿ, ಜಾತಿ ಪತ್ರ, ಪಿಂಚಣಿ, ಶ್ರದ್ಧಾಂಜಲಿ ಜಾಹೀರಾತು, ಯಾವುದೇ ಇರಲಿ, ನನ್ನ ಕೈಯಿಂದ ಹೋದ ಅರ್ಜಿ ತಿರುಗಿ ಬಂದದ್ದಿಲ್ಲ. ಬಂದರೂ ಎರಡೇ ಸಲ. ಇಂಥ ಅಂಗಡಿಯಲ್ಲಿ ಕೂತವನ ಮುಂದೆ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ಆದರೆ ಇದೊಂದು ಮಾತ್ರ ಮೂರು ತಾಲೂಕು ಸುತ್ತಿತು. ಈ ಕೆಲಸಕ್ಕೆ ನನಗೆ ಸ್ಟೇಜಿನ ಮೇಲೆ ಕೂರಿಸಿ, ಶಾಲು ಹೊದಿಸಿ, ಹಾರ ಹಾಕಿ ಸನ್ಮಾನ ಮಾಡಬೇಕಿತ್ತು. ಆ ಮಾತು ಕೊನೆಗೆ.

ಸ್ವಲ್ಪ ಮದುವೆ

ನೆಲೋಗಿ ಬಸ್ ಸ್ಟ್ಯಾಂಡಿನ ಬಾಜೂಕ ಒಬ್ಬ ಅಕ್ಕ ಮಿರ್ಚಿ ಭಜಿ ಕರಿಯುತ್ತಾಳೆ. ಹುಟ್ಟಿದ್ದು ನೇಪಾಳದಲ್ಲಿ. ಪುಣೆಗೆ ಕಟ್ಟಡದ ಕೆಲಸಕ್ಕೆ ಹೋಗಿದ್ದ ನಮ್ಮ ಕಡೆಯವನೊಬ್ಬನನ್ನು ಮದುವೆಯಾಗಿ ಬಂದು ಹತ್ತು ವರ್ಷದ ಮೇಲಾಯಿತು. ಈಗ ಗಂಡ ತನ್ನ ಅಕ್ಕನ ಜೊತೆ ಅಫಜಲಪುರ ಕಡೆ ಸೊನ್ನದಲ್ಲಿ. ಈಕೆ ಮಗಳ ಜೊತೆ ನೆಲೋಗಿಯಲ್ಲಿ.

ಒಂದು ದಿನ ನಾಲ್ಕನೇ ಇಯತ್ತೆ ಓದುವ ಮಗಳನ್ನು ಕರೆದುಕೊಂಡು ನನ್ನ ಅಂಗಡಿಗೆ ಬಂದಳು. "ತಮ್ಮಾ, ನನಗ ಈ ದೇಶದ ಕಾಗದ ಬೇಕು."

"ಈಗ್ಯಾಕ ಬೇಕಾತಕ್ಕಾ?"

"ನನ್ನ ಗಂಡನ ಅಕ್ಕ ಅಂದಾಳ. ನೀ ಹೊರದೇಶದಾಕಿ, ಯಾವತ್ತರೆ ಎತ್ತಿ ಕಳಸ್ತಾರ. ಹುಡುಗಿ ಇಲ್ಲೇ ಹುಟ್ಯಾಳ, ಆಕಿ ನಮ್ಮಾಕಿ. ಹೋದ್ರ ಒಬ್ಬಾಕಿನೇ ಹೋಗು, ಅಂತ."

ಹುಡುಗಿ ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಿತ್ತು. ಪೌರತ್ವದ ಅರ್ಜಿ ನಾನು ಜನ್ಮದಲ್ಲಿ ನೋಡಿರಲಿಲ್ಲ. ಆದರೂ ಅಂದೆ: "ಇದೇನ್ ಮಹಾ ಅಕ್ಕಾ, ಹದಿನೈದು ದಿನದ ಕೆಲಸ." ಎರಡು ವರ್ಷ ಹಿಡಿಯಿತು. ಆದರೆ ಹದಿನೈದು ದಿನದಲ್ಲಿ ಅರ್ಜಿ ಎಲ್ಲಿದೆ ಅಂತ ಹುಡುಕಿದ್ದೆ, ಅಷ್ಟಂತೂ ಖರೆ.

ವೈವಾಹಿಕ ಸ್ಥಿತಿ ಅನ್ನುವ ಕಾಲಂ ಬಂತು.

"ಡೈವೋರ್ಸ್ ಆಗೇದೇನು?"

"ಇಲ್ಲ."

"ಮತ್ತ ಗಂಡ ಬಿಟ್ಟಾನ?"

"ಅವ ಯಾಕ ಬಿಡ್ತಾನ? ನಾ ಬಿಟ್ಟೀನಿ."

"ಅವ ಏನಂತಾನ?"

"ಅವಗ ಇನ್ನೂ ತಿಳದಿಲ್ಲ. ಅವನಕ್ಕ ಹೇಳಿದ ಮ್ಯಾಲೆ ತಿಳೀತದ."

ನಾನು 'ವಿವಾಹಿತೆ' ಅಂತ ಒತ್ತಿದೆ. ಹುಡುಗಿ ಸ್ಕ್ರೀನ್ ಓದಿ ಹೇಳಿತು: "ಮಾಮಾ, ಅದರ ಮುಂದ 'ಸ್ವಲ್ಪ' ಅಂತ ಬರೀರಿ."

ಆಯಿಯ ಸಾಕ್ಷಿ

ವಿಚಾರಣೆಗೆ ಪೊಲೀಸರು ಬರುತ್ತಾರೆಂದು ಗೊತ್ತಾಯಿತು. ಹಿಂದಿನ ದಿನವೇ ನಾನು ನೆಲೋಗಿಗೆ ಹೋಗಿ ಮಂದಿಯನ್ನೆಲ್ಲ ಕೂಡಿಸಿ ಭಾಷಣ ಮಾಡಿದೆ. "ಅಕ್ಕನ ಬಗ್ಗೆ ಛಲೋ ಹೇಳ್ರಿ. ಆಕಿ ಇಲ್ಲೇ ಉಳೀಬೇಕು." ನನ್ನ ಭಾಷಣ ಅಂದರೆ ಹಂಗೇ, ಕೇಳಿದವರು ಮೈಮೇಲೆ ಹಾಕಿಕೊಂಡುಬಿಡುತ್ತಾರೆ.

ಮರುದಿನ ಪೇದೆ ಮಿರ್ಚಿ ಅಂಗಡಿಗೆ ಬಂದು ಕೇಳಿದ: "ಈ ಹೆಣ್ಮಗಳು ಎಲ್ಲಿಯಾಕಿ?"

ಟೇಲರ್ ಹೇಳಿದ: "ಇಲ್ಲಿಯಾಕಿನೇ ಸಾಹೇಬ್ರ. ಖಾಸ್ ನೆಲೋಗಿ."

ಕಿರಾಣಿ ಅಂಗಡಿಯವ ಹೇಳಿದ: "ನಮ್ಮ ಜೋಡಿನೇ ಸಾಲಿಗೆ ಬರ್ತಿದ್ಳರಿ."

ಪಕ್ಕದ ಮನೆಯ ಆಯಿಗೆ ಎಂಬತ್ತು ದಾಟಿದೆ. ಆಕೆ ಕೋಲು ಊರಿ ಎದ್ದು ನಿಂತಳು. "ಈಕಿ ಹುಟ್ಟಿದಾಗ ಹೊಕ್ಕಳ ಬಳ್ಳಿ ಕತ್ತರಿಸಿದಾಕಿ ನಾನೇ."

ಪೇದೆ ಪುಸ್ತಕ ಮುಚ್ಚಿದ. "ಇಲ್ಲೇ ಹುಟ್ಟಿದ್ರ ಅರ್ಜಿ ಯಾಕ? ಸುಳ್ಳು ಅರ್ಜಿ ಅಂತ ಬರೀತೇನಿ."

ಅಕ್ಕನ ಕೈಯಲ್ಲಿದ್ದ ಜಾಲರಿ ಸೌಟು ಎಣ್ಣೆಯೊಳಗೆ ಬಿತ್ತು. ನಾನು ಎಲ್ಲರನ್ನೂ ಗೋಡೆಯ ಹಿಂದೆ ಎಳೆದೊಯ್ದು, "ಹೊರಗಿನಾಕಿ ಅನ್ರೋ, ಹೊರಗಿನಾಕಿ!" ಅಂತ ಮತ್ತೊಂದು ಭಾಷಣ ಮಾಡಿದೆ. ಎಲ್ಲರೂ ಒಪ್ಪಿದರು. ಆಯಿ ಒಪ್ಪಲಿಲ್ಲ.

"ನಿನ್ನ ಬಾಯಾಗ ಮಣ್ಣ ಬೀಳ್ಲಿ. ಮನಿ ಮಗಳಿಗೆ ಹೊರಗಿನಾಕಿ ಅಂತ ನನ್ನ ಕಡಿಂದ ಅನಸ್ತಿ ಏನಲೇ?"

ಕೊನೆಗೆ ಪೇದೆಯೇ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಆಯಿ, ಈಗ ಹೊರಗಿನಾಕಿ ಅಂದ್ರ ಮುಂದ ಒಳಗಿನಾಕಿ ಆಗ್ತಾಳಬೇ."

ಆಯಿ ಯೋಚನೆ ಮಾಡಿದಳು. "ಹಂಗಿದ್ರ ಬರ್ಕೊ. ಹೊರಗಿನಾಕಿ. ಆದ್ರ ಹೊಕ್ಕಳ ಬಳ್ಳಿ ನಾನೇ ಕತ್ತರಿಸೀನಿ, ಅದನ್ನೂ ಬರ್ಕೊ."

ಮದುಮಗಳು ಯಾರು?

ಮದುವೆ ನೋಂದಣಿಯಾದದ್ದು ಆಳಂದದಲ್ಲಿ. ನಕಲು ತೆಗೆಯಲು ಅಕ್ಕನನ್ನು ಕರೆದುಕೊಂಡು ಹೋದೆ. ನರೋಣಾ ಇರುವ ಆಳಂದ ನನ್ನ ಸ್ವಂತ ತಾಲೂಕು, ಅಲ್ಲಿ ನನಗೆ ಗೊತ್ತಿಲ್ಲದವರು ಯಾರಿದ್ದಾರೆ? ಯಾರೂ ಗುರುತು ಹಿಡಿಯಲಿಲ್ಲ, ಆ ಮಾತು ಬೇರೆ.

ಗುಮಾಸ್ತರು ಮದುವೆ ಫೋಟೋ ಕೇಳಿದರು. ಅಕ್ಕ ನಾಲ್ಕು ಫೋಟೋ ಇಟ್ಟಳು. ಗಂಡು ಹೆಣ್ಣು ಇಬ್ಬರ ಹಣೆಗೂ ಬಾಸಿಂಗ, ಅದರ ಮುತ್ತಿನ ಸರ ಜೋತುಬಿದ್ದು ಮುಖ ಪೂರಾ ಮುಚ್ಚಿದೆ. ಇಬ್ಬರ ನಡುವೆ ಗಂಡನ ಅಕ್ಕ ನಿಂತಿದ್ದಾಳೆ, ಮುಖ ಎದ್ದು ಕಾಣುವಂತೆ. ನಾಲ್ಕೂ ಫೋಟೋದಲ್ಲಿ ಅದೇ ಜಾಗ.

ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. "ತಂಗೀ, ಈ ಮದುವಿ ಯಾರ ಜೋಡಿ ಆಗೇದವಾ?"

ಅಕ್ಕ ನಿಟ್ಟುಸಿರು ಬಿಟ್ಟಳು. "ಅದನ್ನ ನನಗೂ ಆಮ್ಯಾಲೇ ತಿಳೀತ್ರಿ."

ಸೊನ್ನದ ಚಹಾ

ಇನ್ನು ಉಳಿದದ್ದು ಗಂಡನ ಸಹಿ, ಮತ್ತು ಅಕ್ಕನ ನಡತೆ ಒಳ್ಳೆಯದು ಅಂತ ಇಬ್ಬರ ಅಫಿಡವಿಟ್. ಆಯಿ ಒಂದಕ್ಕೆ ಹೆಬ್ಬೆಟ್ಟು ಒತ್ತಿದಳು. ಎರಡನೆಯದಕ್ಕೆ ಯಾರಾದರೂ ಸಿಗುತ್ತಾರೆ, ಗಂಡನ ಸಹಿ ಇಲ್ಲದಿದ್ದರೆ ಮಾತ್ರ ಅರ್ಜಿ ಅಲ್ಲೇ ನಿಲ್ಲುತ್ತದೆ.

ಬೈಕ್ ಹತ್ತಿ ಸೊನ್ನಕ್ಕೆ ಹೋದೆ. ಗಂಡನ ಅಕ್ಕ ಚಹಾ ಕೊಟ್ಟಳು. ನಾನು ಮಾತು ಶುರು ಮಾಡುವ ಮೊದಲೇ ಕೇಳಿದಳು: "ಕುಡದ್ಯಾ? ಹಂಗಾದ್ರ ದಾರಿ ಹಿಡಿ."

ಗಂಡ ಎಮ್ಮೆಯ ಪಕ್ಕ ನೆಲ ನೋಡುತ್ತ ನಿಂತಿದ್ದ. "ಅಣ್ಣಾರ, ಒಂದು ಸಹಿ ಮಾಡ್ತೀರೇನ್ರಿ?" ಅಂದೆ. ಅವನು ತನ್ನ ಅಕ್ಕನ ಮುಖ ನೋಡಿದ. ಮೊದಲು ಎಮ್ಮೆ ಒಲ್ಲೆ ಅನ್ನುವಂತೆ ತಲೆ ಅಲ್ಲಾಡಿಸಿತು. ಆಮೇಲೆ ಅವನು.

ಎರಡು ದೀಪ

ಅಷ್ಟರಲ್ಲಿ ಕಲಬುರಗಿಯ ಡಿಸಿ ಕಚೇರಿಯವರು, ಇಂಥಾಕೆ ಪೌರತ್ವಕ್ಕೆ ಅರ್ಜಿ ಹಾಕಿದ್ದಾಳೆ ಅಂತ ಪೇಪರಿನಲ್ಲಿ ಪ್ರಕಟಣೆ ಕೊಡಿ ಎಂದರು. ಪೇಪರಿನ ಕೆಲಸ ನನಗೆ ನೀರು ಕುಡಿದಷ್ಟು ಸಲೀಸು. ಕಂಪ್ಯೂಟರಿನಲ್ಲಿ ಶ್ರದ್ಧಾಂಜಲಿ ಜಾಹೀರಾತಿನ ತಯಾರ್ ಚೌಕಟ್ಟು ಇತ್ತು. ಹಳೆಯ ಅಕ್ಷರ ಅಳಿಸಿ ಹೊಸದು ಹಾಕಿ, ನಡುವೆ ಅಕ್ಕನ ಫೋಟೋ ಕೂರಿಸಿದೆ. ಸುತ್ತಲಿನ ಕಪ್ಪು ಗೆರೆ, ಎರಡು ಕಡೆಯ ದೀಪ ಹಂಗೇ ಬಿಟ್ಟೆ. ಚಂದ ಕಾಣುತ್ತಿದ್ದವು.

ಪೇಪರ್ ಬಂದ ದಿನ ಅಕ್ಕ, ಮಗಳು ಇಬ್ಬರೂ ಜೇವರ್ಗಿಯಲ್ಲಿ ನನ್ನ ಅಂಗಡಿಯಲ್ಲಿದ್ದರು. ಮಧ್ಯಾಹ್ನ ಸಹಿ ಬೇಕಾದ ಕಾಗದಗಳ ಚೀಲ ಹಿಡಿದು ಮೂವರೂ ನೆಲೋಗಿಯಲ್ಲಿ ಬಸ್ ಇಳಿದರೆ, ಮುಚ್ಚಿದ ಮಿರ್ಚಿ ಅಂಗಡಿಯ ಮುಂದೆ ಊರಿಗೆ ಊರೇ ನೆರೆದಿದೆ. ನಡುವೆ ಗಂಡನ ಅಕ್ಕ ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಾಳೆ. ಗಂಡ ಚೆಂಡುಹೂವಿನ ದಪ್ಪ ಹಾರ ಹಿಡಿದು ಅಳುತ್ತ ನಿಂತಿದ್ದಾನೆ. ಅಫಜಲಪುರದ ಹೋಟೆಲಿನಲ್ಲಿ ಫೋಟೋ, ದೀಪ ನೋಡಿದವರು ಅಕ್ಷರ ಓದಲು ನಿಲ್ಲದೆ ಸೊನ್ನಕ್ಕೆ ಸುದ್ದಿ ಮುಟ್ಟಿಸಿದ್ದರು.

ಸತ್ತವರ ಗುಣ ಹಾಡ್ಯಾಡಿ ಅಳುವುದು ನಮ್ಮ ಕಡೆಯ ಪದ್ಧತಿ. ಆಕೆ ಅದರಲ್ಲಿ ಉಸ್ತಾದ್. "ಬಂಗಾರದಂಥಾಕೀ, ನಮ್ಮನಿ ಬೆಳಕ ಹೊತ್ಗೊಂಡು ಹೋದ್ಯಲ್ಲಬೇ! ಎದುರು ಮಾತು ಆಡಿದಾಕಿ ಅಲ್ಲ, ಇಂಥಾ ತಾಯಿ ಈ ಸೀಮ್ಯಾಗಿಲ್ಲ, ಕೂಸಿನ್ನ ಯಾರ ಮಡಿಲಿಗೆ ಹಾಕಿದ್ಯಬೇ!"

ನಾನು ಆಯಿಯ ಕಿವಿಯಲ್ಲಿ ಕೇಳಿದೆ: "ಆಕಿ ಬದುಕ್ಯಾಳ ಅಂತ ಹೇಳಬಾರದೇನು?"

"ಸುಮ್ಮನಿರಲೇ," ಅಂದಳು ಆಯಿ. "ಛಲೋ ಹಾಡಾಕತ್ತಾಳ, ಮುಗೀಲಿ."

ನಾನು ಫೋನ್ ತೆಗೆದು ರೆಕಾರ್ಡ್ ಒತ್ತಿದೆ. ಹಾಡು ಮುಗಿದ ಮೇಲೆ ಅಕ್ಕ ಮಂದಿ ಸರಿಸಿ ಮುಂದೆ ಬಂದಳು. ಗಂಡ ಹಾರ ಹಿಡಿದುಕೊಂಡೇ ಕೇಳಿದ:

"ನೀ ಇದ್ದೀ?"

"ಇದ್ದೇನಿ. ಮಿರ್ಚಿ ಹಾಕ್ಲ್ಯಾ?"

ಗಂಡನ ಅಕ್ಕ ಎದ್ದು ಬೈಯಲು ಬಾಯಿ ತೆರೆದಳು. ನಾನು ರೆಕಾರ್ಡಿಂಗ್ ಹಚ್ಚಿದೆ. "ಅಕ್ಕಾರ, ಇಷ್ಟೊತ್ತು ಅಂದಿದ್ದು ಖರೇನೋ, ಸುಳ್ಳೋ?"

ಊರೆಲ್ಲ ನೋಡುತ್ತಿದೆ. ತಾನು ಹಾಡ್ಯಾಡಿ ಅತ್ತದ್ದು ಸುಳ್ಳು ಅಂತ ನಮ್ಮ ಸೀಮೆಯ ಯಾವ ಹೆಂಗಸೂ ಅನ್ನುವುದಿಲ್ಲ. "ಖರೇನೇ," ಅಂದಳು, ಹಲ್ಲು ಕಚ್ಚಿ.

"ಹಂಗಿದ್ರ ಅದನ್ನೇ ನಾ ಬರ್ಕೊಂಡು ತಂದೇನಿ," ಅಂತ ನಡತೆಯ ಅಫಿಡವಿಟ್ ಮುಂದೆ ಹಿಡಿದೆ. ಸಹಿ ಮಾಡಿದಳು. ಗಂಡ ತನ್ನ ಕಾಗದಕ್ಕೆ ಸಹಿ ಮಾಡುವಾಗ ತನ್ನ ಅಕ್ಕನ ಕಡೆ ನೋಡಲಿಲ್ಲ. "ಹುಡುಗಿ ತಾಯಿ ಕಡೆನೇ ಇರ್ಲಿ," ಅಂದ. ಅವನು ಅಷ್ಟು ದೊಡ್ಡ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲವಂತೆ.

ಅಕ್ಕ ಅವನಿಗೆ ಮಿರ್ಚಿ ಕೊಟ್ಟು, ಸಂಜೆ ಬಸ್ಸಿಗೆ ಕಳಿಸಿದಳು. ಮದುವೆ ಇನ್ನೂ ಸ್ವಲ್ಪವೇ ಇದೆ.

ಆಕೆಯ ಪೌರತ್ವದ ಪತ್ರ ಈಗ ಮಿರ್ಚಿ ಅಂಗಡಿಯ ಗೋಡೆಯ ಮೇಲೆ, ಗಾಜಿನೊಳಗಿದೆ. ನನ್ನ ಸನ್ಮಾನ ಮಾತ್ರ ಆವತ್ತೇ ಆಗಿಹೋಯಿತು. ತಂದ ಹೂವು ತಿರುಗಿ ಒಯ್ಯಬಾರದು ಅಂತ ಆಯಿ ಹಟ ಹಿಡಿದಳು. ಹಾರ ನನ್ನ ಕೊರಳಿಗೆ ಬಿತ್ತು, ಮಂದಿ ಚಪ್ಪಾಳೆ ತಟ್ಟಿದರು. ಶಾಲು ಇರಲಿಲ್ಲ. ಒಟ್ಟು ನನಗೆ ಸಿಕ್ಕಿದ್ದು: ಹೆಣಕ್ಕೆ ತಂದ ಒಂದು ಚೆಂಡುಹೂವಿನ ಹಾರ, ನಾಲ್ಕು ಮಿರ್ಚಿ.